ಚೌಕದ ಮೇಲೆ ಗುಂಡು ಗುಮ್ಮಟ

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಕಲ್ಲಿನ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹಾಸನದ ಕಡೆ ಅಪ್ಪನ ಜೊತೆ ಉಳಿ ಹಿಡಿದು ಪಳಗಿದ ಕೈ ಇದು. ಈಗ ಕಡಲಾಚೆ ಬಂದು ಸರಟೋಗಾ, ಕ್ಯುಪರ್ಟಿನೋದ ಅಡುಗೆಮನೆಗಳಿಗೆ ಗ್ರಾನೈಟು ಕೂರಿಸುತ್ತದೆ. ನಾವಿರುವ ನೆವಾರ್ಕಿನಲ್ಲಿ ನಮ್ಮ ಪಕ್ಕದ ಮನೆಯಾತ ಕಾಕಸಸ್ ಬೆಟ್ಟಗಳ ಕಡೆಯ ಜಾರ್ಜಿಯಾ ದೇಶದವನು. ಒಂದು ದಿನ ತನ್ನೂರಿನ ಹಳೇ ಚರ್ಚಿನ ಫೋಟೋ ತೋರಿಸಿ, "ಇದನ್ನ ನನ್ನ ಹಿತ್ತಲಲ್ಲಿ ಆಳೆತ್ತರಕ್ಕೆ ಕಟ್ಟಿಕೊಡ್ತೀರಾ? ಅಮ್ಮ ಮೇಣದಬತ್ತಿ ಹಚ್ಚೋದಕ್ಕೆ" ಎಂದು ಇಂಗ್ಲಿಷಿನಲ್ಲಿ ಕೇಳಿದ. ಒಂದೇ ಮಾತಿಗೆ ಒಪ್ಪಿದೆ. "ಕಬ್ಬಿಣದ ಸರಳು ಹಾಕಲ್ಲ. ಬರೀ ಕಲ್ಲು, ಸುಣ್ಣ. ಬಿದ್ರೆ ಇನ್ನು ಉಳಿ ಹಿಡಿಯಲ್ಲ" ಎಂದೂ ಸೇರಿಸಿದೆ. ಅಷ್ಟು ಹೇಳಬೇಕಿರಲಿಲ್ಲ.

ಆ ಚರ್ಚು ಮೇಲಿನಿಂದ ನೋಡಿದರೆ ಶಿಲುಬೆ. ನಾಲ್ಕು ತೋಳು ಸೇರುವಲ್ಲಿ ಚೌಕ. ಚೌಕದ ಮೇಲೆ ಎತ್ತರದ ಗುಂಡು ಕೊರಳು, ಅದರ ಸುತ್ತ ಸಪೂರ ಕಿಟಕಿಗಳು. ತಲೆಯ ಮೇಲೆ ಹೊರಗಿನಿಂದ ಚೂಪು ಟೋಪಿ, ಒಳಗಿನಿಂದ ಬೋರಲು ಹಾಕಿದ ಬೋಗುಣಿಯಂಥ ಗುಮ್ಮಟ. ನೋಡಿದ ದಿನ ನನಗೆ ಊಟ ಸೇರಲಿಲ್ಲ. ಕೈ ಆಗಲೇ ಕಲ್ಲು ಹುಡುಕುತ್ತಿತ್ತು.

ಭಾನುವಾರಗಳಲ್ಲಿ ಗೋಡೆ ಎದ್ದಿತು. ಕಮಾನುಗಳನ್ನು ಒಂದೊಂದೇ ಕಲ್ಲಿನಲ್ಲಿ ಕೊರೆದು ಕೂರಿಸಿದೆ. ಚೌಕವನ್ನು ಗುಂಡಾಗಿಸಲು, ನಮ್ಮ ದೇವಸ್ಥಾನದ ಸೂರಿಗೆ ಮಾಡುವಂತೆ, ನಾಲ್ಕು ಮೂಲೆಗೂ ಅಡ್ಡ ಚಪ್ಪಡಿ ಇಟ್ಟೆ. ಪಕ್ಕದ ಮನೆಯಾತ ಬಗ್ಗಿ ಟಾರ್ಚು ಬಿಟ್ಟು ನೋಡಿದ.

"ಮೇಸ್ತ್ರಿ, ಇದು ಚರ್ಚಲ್ಲ, ಕಪಾಟು."

"ಗಟ್ಟಿ ಇದೆ."

"ಕಪಾಟೂ ಗಟ್ಟಿನೇ. ನಮ್ಮಲ್ಲಿ ಗೋಡೆನೇ ಬಾಗಿ ಗುಮ್ಮಟ ಆಗುತ್ತೆ."

ನನಗೆ ಮೈ ಉರಿಯಿತು. ಕಾಲೇಜಿನಲ್ಲಿ ಸಿವಿಲ್ ಓದುತ್ತಿರುವ ನನ್ನ ಮಗಳು ಬೇಲಿಯಾಚೆಯ ನಮ್ಮ ಮನೆಯಿಂದ ಒಂದು ಕಿತ್ತಳೆ ತಂದಳು. ಅದನ್ನು ಅರ್ಧ ಕೊಯ್ದು, ತಿರುಳು ತೆಗೆದು, ಬೋರಲು ಇಟ್ಟು, ನಾಲ್ಕು ಬದಿಯನ್ನೂ ನೇರವಾಗಿ ಕತ್ತರಿಸಿ, ತುದಿಯನ್ನೂ ತೆಗೆದಳು. ಉಳಿದದ್ದು ನಾಲ್ಕು ಮೂಲೆಯಲ್ಲಿ ನಾಲ್ಕು ಬಾಗಿದ ತ್ರಿಕೋನ; ಕೆಳಗೆ ಚೌಕ, ಮೇಲೆ ಬಳೆಯಂಥ ಗುಂಡು.

"ಸೀ ಅಪ್ಪ? ಲೋಡು ಈ ಕರ್ವಲ್ಲಿ ಇಳಿಯತ್ತೆ. ಹೊರಗೆ ತಳ್ಳಿದ್ರೆ ಕ್ರಾಸಿನ ಆರ್ಮ್ಸು ತಡ್ಕೊಳತ್ತೆ."

"ನಿನ್ನ ಹಣ್ಣಿಗೆ ತೂಕ ಎಷ್ಟಮ್ಮ?"

"ನಿಮ್ಮ ಈಗೋದ ಲೋಡು ಬಿಟ್ಟು ಹೇಳ್ಲಾ?"

ಪಕ್ಕದ ಮನೆಯಾತನಿಗೆ ಕನ್ನಡ ಬಾರದು, ಆದರೂ ನಕ್ಕ.

ನಮ್ಮ ಕಸುಬಿನಲ್ಲಿ ಕಲ್ಲು ಕೆಳಗಿನ ಕಲ್ಲಿನ ಮೇಲೆ ಕೂರುತ್ತದೆ; ಪಕ್ಕದ್ದಕ್ಕೆ ಒರಗುವುದಿಲ್ಲ. ಇಲ್ಲಿ ಪ್ರತಿ ಕಲ್ಲೂ ಒಳಕ್ಕೆ ವಾಲುತ್ತ, ಪಕ್ಕದ ಕಲ್ಲನ್ನು ನಂಬಬೇಕು. ಆದರೂ ಚಪ್ಪಡಿಗಳನ್ನು ಕಿತ್ತೆ. ಮರದ ಅಚ್ಚು ಕಟ್ಟಿ, ಅದರ ಮೇಲೆ ಕಲ್ಲು ಜೋಡಿಸಿದೆ. ಒಂದೊಂದನ್ನೂ ಹತ್ತು ಸಲ ಉಜ್ಜಿದೆ. ಕೆಲಸ ಮುಗಿಸಿ ಫ್ರೀವೇ ಟ್ರಾಫಿಕ್ಕಿನಲ್ಲಿ ಕೂತಾಗಲೂ ಬೆರಳು ಸ್ಟೇರಿಂಗಿನ ಮೇಲೆ ಆ ಬಾಗು ಬರೆಯುತ್ತಿತ್ತು. ಕೊರಳು ಎದ್ದಿತು, ಗುಮ್ಮಟ ಮುಚ್ಚಿತು. ಸುಣ್ಣ ಒಣಗಲು ಬಿಟ್ಟ ವಾರಗಳಲ್ಲಿ ನಾನು ದಿನಕ್ಕೆರಡು ಸಲ ಬೇಲಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಅಚ್ಚು ಬಿಚ್ಚುವ ಬೆಳಿಗ್ಗೆ ಪಕ್ಕದ ಮನೆಯಾತನ ತಾಯಿ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಮಂಡಿಯೂರಿ ಕೈ ಒಳಗೆ ಹಾಕಿ, ಅಚ್ಚನ್ನು ಎತ್ತಿ ಹಿಡಿದಿದ್ದ ಬೆಣೆಗಳನ್ನು ತಟ್ಟಿ ಸಡಿಲಿಸಿದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಮೇಲೆ ಟಕ್ ಎಂದಿತು. ಸುಣ್ಣದ ಪುಡಿ ಮೊಣಕೈ ಮೇಲೆ ಉದುರಿತು.

"ಅಪ್ಪ, ಕೈ ತೆಗೀರಿ," ಎಂದಳು ಮಗಳು.

ತೆಗೆಯಲಿಲ್ಲ. ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿದೆ. ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡಿದ್ದವು. ಅಚ್ಚಿನ ಹಲಗೆಗಳು ಒಂದೊಂದಾಗಿ ಸುಮ್ಮನೆ ಕೈಗೆ ಬಂದವು. ಕೊನೆಯದನ್ನು ಎಳೆದು ಬಿಸಾಡಿ, ತಲೆಯನ್ನೇ ಬಾಗಿಲಲ್ಲಿ ತೂರಿಸಿ ಮೇಲೆ ನೋಡಿದೆ. ಕಿಟಕಿಗಳಿಂದ ಬಿಸಿಲು ಸುತ್ತಲೂ ಇಳಿದಿತ್ತು. ಗೋಡೆ ಎಲ್ಲಿ ಮುಗಿಯಿತು, ಗುಮ್ಮಟ ಎಲ್ಲಿ ಶುರುವಾಯಿತು, ಕಟ್ಟಿದ ನನಗೇ ಗೊತ್ತಾಗಲಿಲ್ಲ.

ಹೊರಗೆ ತಾಯಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು, ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. "ಮೇಣದಬತ್ತಿ ತರ್ಲಾ ಅಂತಿದಾರೆ," ಎಂದಳು ಮಗಳು.

"ತಡಿಯಕ್ಕೆ ಹೇಳಮ್ಮ. ನಾನಿನ್ನೂ ನೋಡ್ತಾ ಇದೀನಿ."