ಹೊಟ್ಟೆಯೊಳಗಿನ ಬಡಿತ

ಕವಲಂದೆಯ ಗಾರೆ ಮೇಸ್ತ್ರಿ ಸಿದ್ದಯ್ಯನಿಗೆ ಅರವತ್ತೊಂಬತ್ತು ವರ್ಷ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಉಷ್ಣವಾಗಿದೆ ಎಂದು ಅವನು ಅಂಗಾತ ಮಲಗಿದ್ದ. ಹೊಕ್ಕುಳ ಸುತ್ತ ಹರಳೆಣ್ಣೆ ತಿಕ್ಕುತ್ತಿದ್ದ ಹೆಂಡತಿ ಶಿವನಂಜಮ್ಮ ತಟ್ಟನೆ ಕೈ ನಿಲ್ಲಿಸಿದಳು.

"ಇದೇನಿದು, ಒಟ್ಟೇಲೂ ಎದೆ ಬಡ್ಕಂಡಂಗೆ ಬಡ್ಕತದಲ್ಲಾ!"

"ಗ್ಯಾಸು ಕಣಮ್ಮಿ, ಬುಡು."

ಅವಳು ಬಿಡಲಿಲ್ಲ. ಮರುದಿನವೇ ನಂಜನಗೂಡಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಳು. ಹೃದಯದಿಂದ ಹೊಟ್ಟೆಗಿಳಿದು ಬರುವ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿತ್ತು. ಎರಡು ಸೆಂಟಿಮೀಟರ್ ಅಗಲ ಇರಬೇಕಾದದ್ದು ಆರಾಗಿತ್ತು. ಒಡೆದರೆ ಬದುಕುವುದು ಕಷ್ಟ ಎಂದರು ಅಲ್ಲಿನ ಡಾಕ್ಟರು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಭಾನುಪ್ರಿಯಾ ಎಲ್ಲವನ್ನೂ ಬಿಡಿಸಿ ಹೇಳಿದರು. ಬೀಡಿ ಸೇದಿ ಶ್ವಾಸಕೋಶ ಸೊರಗಿದೆ, ಹೊಟ್ಟೆ ಕೊಯ್ದರೆ ತಡೆದುಕೊಳ್ಳುವುದು ಅನುಮಾನ. ತೊಡೆಸಂದಿನಿಂದ ಬಟ್ಟೆಯ ಕೊಳವೆಯೊಂದನ್ನು ರಕ್ತನಾಳದೊಳಗೆ ಕೂರಿಸಬಹುದು. ಆದರೆ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಒಳಗೆ ಬಿಡುವ ಔಷಧಿ ಮೊದಲೇ ದುರ್ಬಲವಾದ ಕಿಡ್ನಿಯನ್ನು ಕೆಡಿಸಬಹುದು.

"ನಡಿಯಮ್ಮಿ ಓಗವ. ಆದಂಗಾಯ್ತದೆ," ಎಂದು ಸಿದ್ದಯ್ಯ ಎದ್ದೇಬಿಟ್ಟ.

ಶಿವನಂಜಮ್ಮ ಕುಳಿತಲ್ಲಿಂದ ಅಲ್ಲಾಡಲಿಲ್ಲ. "ಆ ಔಸ್ದಿ ಬುಡದೇನೇ ಮಾಡಕಾಗಲ್ವಾ ತಾಯಿ?"

"ಪೂರ್ತಿ ಬಿಡೋಕಾಗಲ್ಲಮ್ಮ, ತುಂಬ ಕಮ್ಮಿ ಮಾಡಬಹುದು. ಬಸುರಿಯರಿಗೆ ಹೊಟ್ಟೆ ಮೇಲೆ ಸ್ಕ್ಯಾನ್ ಮಾಡ್ತೀವಲ್ಲ, ಅದೇ ಥರದ ಪುಟ್ಟ ಯಂತ್ರ ಒಂದು ಸಣ್ಣ ಕೊಳವೆ ತುದೀಲಿರುತ್ತೆ. ರಕ್ತನಾಳದ ಒಳಗೇ ಹೋಗಿ ನೋಡುತ್ತೆ. ಅಗಲ ಎಷ್ಟು, ಕಿಡ್ನಿಗೆ ಕವಲು ಎಲ್ಲಿ ಒಡೆಯುತ್ತೆ, ಅದೇ ತೋರಿಸುತ್ತೆ."

ಸಿದ್ದಯ್ಯ ಮತ್ತೆ ಕುಳಿತುಕೊಂಡ.

ಮಂಗಳವಾರ ಬೆಳಿಗ್ಗೆ ಎರಡೂ ತೊಡೆಸಂದು ಮರಗಟ್ಟಿಸಿದರು. ಮಂಪರಿನಲ್ಲೂ ಅವನಿಗೆ ಪರದೆ ಕಾಣುತ್ತಿತ್ತು. ಬೂದುಬಣ್ಣದ ಬಳೆಯಂಥದ್ದೊಂದು ಮೆಲ್ಲಗೆ ಮಿಡಿಯುತ್ತಿತ್ತು.

"ಅದು ನಂದೇನವ್ವಾ?"

"ನಿಮ್ಮದೇ. ಅಲ್ಲಾಡಬೇಡಿ."

ಡಾಕ್ಟರ್ ಆ ಸ್ಕ್ಯಾನ್ ಕೊಳವೆಯನ್ನು ಇಷ್ಟಿಷ್ಟೇ ಹಿಂದಕ್ಕೆ ತರುತ್ತ ಅಳತೆ ಹೇಳುತ್ತಿದ್ದರು, ನರ್ಸ್ ಬರೆದುಕೊಳ್ಳುತ್ತಿದ್ದಳು. ಎಡಗಿಡ್ನಿಯ ಕವಲಿನ ಬಾಯಿ ಬೇಗ ಸಿಗಲಿಲ್ಲ. ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಸಿದ್ದಯ್ಯ ಮನಸ್ಸಿನಲ್ಲೇ ನಂಜುಂಡಪ್ಪನನ್ನು ನೆನೆದ.

"ಸಿಕ್ತು," ಎಂದರು ಡಾಕ್ಟರ್.

ಆ ಬಾಯಿಗೆ ಅಡ್ಡವಾಗದಂತೆ, ಅದರ ಸ್ವಲ್ಪ ಕೆಳಗಿನಿಂದ ಬಟ್ಟೆಯ ಕೊಳವೆ ಅರಳಿಕೊಂಡಿತು. ಸೋರಿಕೆ ಇದೆಯೇ ಎಂದು ನೋಡಲು ಕೊನೆಯಲ್ಲಿ ಎರಡು ಚಮಚದಷ್ಟು ಔಷಧಿ ಬಿಟ್ಟರು. ಸೋರಿಕೆ ಇರಲಿಲ್ಲ.

ಮರುದಿನ ಸಿದ್ದಯ್ಯ ವಾರ್ಡಿನ ಉದ್ದಕ್ಕೂ ನಡೆದ. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಮೂರನೇ ದಿನದ ರಕ್ತಪರೀಕ್ಷೆಯಲ್ಲಿ ಕಿಡ್ನಿ ಮೊದಲಿದ್ದಂತೆಯೇ ಇತ್ತು.

"ಬೀಡಿ ಮುಟ್ಟಬೇಡಿ. ವರ್ಷ ವರ್ಷ ಸ್ಕ್ಯಾನಿಗೆ ಬರಲೇಬೇಕು," ಎಂದರು ಡಾಕ್ಟರ್.

"ಕೆಲ್ಸ?"

"ಒಂದು ತಿಂಗಳು ಬಿಟ್ಟು ಮಾಡಿ. ಸಿಮೆಂಟ್ ಮೂಟೆ ಮಾತ್ರ ಎತ್ತಬೇಡಿ."

ಊರಿಗೆ ಹೊರಟ ಬಸ್ಸಿನಲ್ಲಿ ಶಿವನಂಜಮ್ಮ ಕಡಕೊಳ ದಾಟುವಷ್ಟರಲ್ಲೇ ಗಂಡನ ಭುಜಕ್ಕೊರಗಿ ನಿದ್ದೆಹೋದಳು. ಕಂಡಕ್ಟರ್ ಬಂದಾಗ ಸಿದ್ದಯ್ಯ ತುಟಿಯ ಮೇಲೆ ಬೆರಳಿಟ್ಟು, "ಕವಲಂದೆ, ಎರಡು," ಎಂದು ಪಿಸುಗುಟ್ಟಿದ.