ಗಟಾರದ ಮುಚ್ಚಳಕ್ಕೂ ದೃಷ್ಟಿ

ಶಿಗ್ಗಾಂವಿಯ ಹೆದ್ದಾರಿ ಬದಿಯಲ್ಲಿ ಅಪ್ಪ ಬಿಟ್ಟುಹೋದ ಸಿಮೆಂಟ್ ಸಾಮಾನಿನ ಅಂಗಳ ನಮ್ಮದು. ಗಟಾರದ ಮುಚ್ಚಳ, ಕಿಟಕಿ ಜಾಲಿ, ದನಕ್ಕೆ ನೀರಿಡುವ ಬಾನಿ, ಇವೇ ನಮ್ಮ ಮಾಲು. ಅಂಥದರಲ್ಲಿ ನಾನು ಹೋಟೆಲು, ಅಂಗಡಿ, ಅಡುಗೆಮನೆಗಳಿಗೆ ಕಾಂಕ್ರೀಟಿನ ಕೌಂಟರ್ ಹಾಸು ಮಾಡುತ್ತೇನೆಂದು ಹೊರಟಾಗ ಊರವರು ಮೊದಲು ನಕ್ಕರು. ಆಮೇಲೆ ಬಾನಿಯ ರೇಟು ಕೇಳಿ ಹೋದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಾಡೇ ತೋರಿಸುತ್ತೇನೆ ಅಂದೆ.

ತೋರಿಸುವುದಕ್ಕೆ ಸಿಕ್ಕವರು ಸವಣೂರಿನಲ್ಲಿ ಖಾರ, ಅಂದರೆ ಕರಿದ ಕುರುಕಲು, ಮಾರುವ ಅಂಗಡಿಯ ಚಾಚಾ ಒಬ್ಬರೇ. ಅವರ ತಂದೆಯ ಕಾಲದ ಕಲ್ಲಿನ ಹಾಸು ಸೀಳಿತ್ತು. ಸೊಸೆ ಫೋನಿನಲ್ಲಿ ಯಾವುದೋ ಕೌಂಟರಿನ ಚಿತ್ರ ತೋರಿಸಿ ಒಪ್ಪಿಸಿದ್ದಳಂತೆ. ಆದರೆ ಚಾಚಾ ನನ್ನೆದುರು ಒಂದೇ ಮಾತು ಆಡಿದರು:

“ನೋಡ್ ತಂಗಿ, ಗಟಾರದ ಮುಚ್ಚಳ ಕಂಡಂಗ ಕಂಡ್ರ ವಾಪಸ್ ಒಯ್ಯಬೇಕು. ನಾ ಗ್ರಾನೈಟ್ ಹಾಕಸ್ತೇನಿ.”

ಅದೇ ಓಣಿಯ ಇನ್ನೂ ಇಬ್ಬರು ಅಂಗಡಿಯವರು, ಚಾಚಾ ಏನಂತಾರೋ ನೋಡಿ ಹೇಳುತ್ತೇವೆ ಎಂದಿದ್ದರು. ಅಂದರೆ ಈ ಒಂದು ಹಾಸು ಪಾಸಾದರೆ ನಾನು ಕೌಂಟರ್ ಮಾಡುವವಳು, ಇಲ್ಲವಾದರೆ ಜೀವಮಾನವಿಡೀ ಬಾನಿ.

ಇದನ್ನು ಬೋರಲು ಎರಕ ಹೊಯ್ಯಬೇಕು. ಪೆಟ್ಟಿಗೆಯ ತಳ ಎಷ್ಟು ನುಣುಪೋ ಹಾಸಿನ ಮೇಲ್ಮೈ ಅಷ್ಟು ನುಣುಪು. ನಾನು ತಳಕ್ಕೆ ಗಾಜಿನಂಥ ಶೀಟು ಹಾಕಿದೆ. ಹೊಯ್ದ ಮೇಲೆ ಗೋಣಿಚೀಲ ಹೊದಿಸಿ ವಾರವಿಡೀ ನೀರುಣಿಸುವ ಕೆಲಸ ಅವ್ವನದು. ನನಗೆ ಎರಡು ಸಲ ಉಣ್ಣಲು ಕರೆಯದವಳು ಅದಕ್ಕೆ ದಿನಕ್ಕೆ ನಾಲ್ಕು ಸಲ ನೀರು ಹಾಕಿದಳು. ಮಗುಚಿ ಹಾಕಿದ ದಿನ, ಆಹಾ, ಮುಖ ಕಾಣುತ್ತಿತ್ತು! ಮರುದಿನ ಮೇಲೆ ಕಲೆ ಹಿಡಿಯದಂತೆ ಸೀಲರ್ ಎಂಬ ಲೇಪ ಬಳಿದು, ಒಣಗಿಸಿ, ಮೂರನೇ ದಿನಕ್ಕೆ ಗಾಡಿ ಹತ್ತಿಸುವುದೆಂದು ಹಿಗ್ಗಿ ಮಲಗಿದೆ.

ಬೆಳಿಗ್ಗೆ ನೋಡುತ್ತೇನೆ, ಹಾಸಿನ ನಾಲ್ಕು ಮೂಲೆಗೂ ಕುಂಕುಮ ಮೆತ್ತಿದ ಲಿಂಬೆಹಣ್ಣಿನ ಹೋಳು. ಮನೆಯಲ್ಲಿ ಮಾಡಿದ ಮಾಲು ಹೊಸ್ತಿಲು ದಾಟುವ ಮುಂಚೆ ಅವ್ವ ದೃಷ್ಟಿ ತೆಗೆಯುತ್ತಾಳೆ, ಅದು ನನಗೂ ಗೊತ್ತಿತ್ತು. ಆದರೆ ಸೀಲರ್ ಕಾಣದ ಸಿಮೆಂಟನ್ನು ಹುಳಿ ತಿನ್ನುತ್ತದೆಂದು ಅವಳಿಗೆ ನಾನು ಹೇಳಿರಲಿಲ್ಲ. ಹೋಳು ಎತ್ತಿದರೆ ಕೆಳಗೆ ನಾಲ್ಕು ಒರಟು ಕಲೆ, ಸುತ್ತ ಕೆಂಪು.

ನಾನು ಕೂಗಿದ ಕೂಗಿಗೆ ಬೇಲಿಯಾಚೆಯ ಎಮ್ಮೆ ಎದ್ದು ನಿಂತಿತು. ನಿನ್ನ ದೃಷ್ಟಿಯೇ ತಾಗಿತು, ನಿನ್ನಿಂದಲೇ ನನ್ನ ಕೆಲಸ ಹಾಳಾಯಿತು ಎಂದೆಲ್ಲ ಅಂದುಬಿಟ್ಟೆ. ಅವ್ವ ಒಂದೇ ಮಾತು ಹೇಳಿದಳು:

“ನಿಮ್ಮಪ್ಪನ ಗಟಾರದ ಮುಚ್ಚಳಕ್ಕೂ ಇಡತಿದ್ನವಾ. ಅವ್ರು ಒಂದ್ ದಿನಾನೂ ಬ್ಯಾಡ ಅನ್ನಲಿಲ್ಲ.”

ಗಟಾರದ ಮುಚ್ಚಳಕ್ಕೆ ಯಾವ ಪುಣ್ಯಾತ್ಮ ಕಣ್ಣು ಹಾಕುತ್ತಾನೆ? ನಗಬೇಕಾದ ಮಾತು. ನಗು ಬರಲಿಲ್ಲ. ಅವ್ವ ಸೆರಗಿನಿಂದ ಕಲೆ ಒರೆಸುತ್ತ ನಿಂತದ್ದು ನೋಡಿ ನನ್ನ ಮೇಲೆಯೇ ಹೇಸಿಕೆ ಬಂತು. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬರುವುದಿಲ್ಲ.

ಕಲೆಯನ್ನು ಉಜ್ಜಿದೆ, ಹೋಗಲಿಲ್ಲ. ಹೊಸದು ಹೊಯ್ಯಲು ಇನ್ನೊಂದು ವಾರ ಬೇಕು, ಚಾಚಾ ಹಳೆ ಹಾಸು ಕಿತ್ತುಹಾಕಿ ಕುಳಿತಿದ್ದರು. ಕೊನೆಗೆ ಒಂದು ಉಪಾಯ ಹೊಳೆಯಿತು. ನಾಲ್ಕು ಮೂಲೆ ಒರಟಾಗಿದ್ದರೆ ಇಡೀ ಹಾಸನ್ನೇ ಒರಟು ಮಾಡಿದರಾಯಿತು! ಸಂತೆಯಿಂದ ಒಂದು ಚೀಲ ಲಿಂಬೆಹಣ್ಣು ತಂದೆ. ಅವ್ವ ಮಾತಿಲ್ಲದೆ ಕೊಯ್ದಳು, ನಾನು ಮಾತಿಲ್ಲದೆ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಅಂಗಳವೆಲ್ಲ ಉಪ್ಪಿನಕಾಯಿಯ ವಾಸನೆ. ತೊಳೆದಾಗ ಹೊಳಪು ಹೋಗಿ ಸಣ್ಣ ಮರಳಿನ ಕಣಗಳು ಎದ್ದು ಕಂಡವು. ಮೂರು ಮೂಲೆಯ ಕೆಂಪೂ ಹೋಯಿತು. ನಾಲ್ಕನೆಯದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಹಾಗೆಯೇ ಸೀಲರ್ ಬಳಿದೆ.

ಸವಣೂರಿನಲ್ಲಿ ಹಾಸು ಕೂರಿಸಿದೆ. ಚಾಚಾ ಅಂಗೈ ಆಡಿಸಿದರು. ಖಾರದ ಪೊಟ್ಟಣ ಇಟ್ಟು ದೂಡಿ ನೋಡಿದರು. ಅದು ಜಾರಲಿಲ್ಲ. ಆಮೇಲೆ ಕೆಂಪು ಕಲೆಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಸುಳ್ಳು ಹೇಳಲು ಬಾಯಿ ತೆರೆದವಳು ಇದ್ದದ್ದನ್ನೇ ಹೇಳಿದೆ, ಬೈದದ್ದನ್ನೂ ಸೇರಿಸಿ.

ಚಾಚಾ ತಕ್ಕಡಿ ಎತ್ತಿ ಆ ಕಲೆಯ ಮೇಲೆಯೇ ಇಟ್ಟರು.

“ನಮ್ಮಪ್ಪನ ಕಲ್ಲೂ ಹಿಂಗ ತರಿತರಿ ಕೈಗೆ ಹತ್ತತಿತ್ತು,” ಎಂದರು. “ಹಾಸು ಇಲ್ಲೇ ಇರ್ಲಿ. ನೀ ಮನೀಗೆ ಹೋಗಿ ಅವ್ವನ್ನ ಮಾತಾಡ್ಸು.”

ಅರ್ಧ ಕಿಲೋ ಖಾರ ಕಟ್ಟಿ ಅವ್ವನಿಗೆಂದು ಕೊಟ್ಟರು. ಮನೆಗೆ ಬಂದು ಪೊಟ್ಟಣ ಅವಳ ಮುಂದಿಟ್ಟು, ತಪ್ಪಾಯಿತು ಅಂದೆ. ಅವ್ವ ಒಂದು ಮುಕ್ಕು ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆ ಎಂದಳು.

ಕಾಯುತ್ತಿದ್ದ ಇಬ್ಬರೂ ಆರ್ಡರ್ ಕೊಟ್ಟರು, ಅಂಥದ್ದೇ ಒರಟು ಹಾಸು ಬೇಕೆಂದು. ಮುಂದಿನದನ್ನು ಮಗುಚಿದ ದಿನ ಅವ್ವ ದೂರವೇ ನಿಂತಿದ್ದಳು, ಮುಷ್ಟಿ ಸೆರಗಿನೊಳಗಿತ್ತು. ಏನಿದೆಯೆಂದು ನನಗೆ ಗೊತ್ತು. ಅಡಿಭಾಗಕ್ಕೆ ಇಡು ಎಂದೆ.

“ಬೆನ್ನಿಗೆ ಯಾರ ದೃಷ್ಟಿ ತಾಗತೈತಿ, ಹುಚ್ಚಿ?” ಎಂದಳು.

ಅದೂ ಖರೆ. ಈಗ ನಾನು ಯಾವ ಕೌಂಟರಿನ ನಕ್ಷೆ ಬರೆದರೂ ಮೊದಲು ಒಂದು ಮೂಲೆಗೆ ಗುರುತು ಹಾಕುತ್ತೇನೆ. ಆ ಮೂಲೆ ಅವ್ವನದು.