ಅಟ್ಟೆಮಾವನ ತೀರ್ಪು

ಅಜ್ಜ ಹೊಲಿದ ಬೂಟು ಎರಡು ಯುದ್ಧ ಕಂಡು ಮನೆಗೆ ಮರಳಿತು; ಅಪ್ಪ ಹೊಲಿದದ್ದನ್ನು ಮೂವರು ಅಳಿಯಂದಿರು ಮೆಟ್ಟಿದರೂ ಸವೆಯಲಿಲ್ಲ. ಅಂಥವರ ಕುಡಿ ನಮ್ಮ ಅಟ್ಟೆಮಾವ, ಬ್ಯಾಸ್ಕೆಟ್‌ಬಾಲ್ ತಂಡದ ಬೂಟು ರಿಪೇರಿಯವನು. ಪಂದ್ಯದ ದಿನ ಅಂಗಡಿಗೆ ಬೀಗ, ಬಾಯಿಗಿಲ್ಲ. ತಂಡ ಸಾಲಾಗಿ ಒಂಬತ್ತು ಪಂದ್ಯ ಸೋತು, ಚೆಂಡು ಮುನ್ನಡೆಸುವ ಇಬ್ಬರು ಬದಲಿ ಪಾಯಿಂಟ್ ಗಾರ್ಡ್‌ಗಳಲ್ಲಿ ಒಬ್ಬನನ್ನು ಬಿಡಬೇಕಾದಾಗ ಎಲ್ಲರೂ ಉದ್ದನೆಯವನ ಪರ. ಮಾವ ಇಬ್ಬರ ಬೂಟನ್ನೂ ಕೋಚ್ ಮುಂದೆ ಬೋರಲು ಹಾಕಿ ಅಡಿಯ ಅಟ್ಟೆ ತೋರಿಸಿದ: "ಉದ್ದದೋನ ಹಿಮ್ಮಡಿ ಸವೆದಿದೆ ಸ್ವಾಮಿ, ನಿಂತು ನೋಡೋನು. ಕುಳ್ಳಂದು ಮುಂತುದಿ ಸವೆದಿದೆ, ನುಗ್ಗೋನು. ಅವನನ್ನೇ ಇಟ್ಕೊಳ್ಳಿ!" ಮುಂದಿನ ಪಂದ್ಯ ಕುಳ್ಳನೇ ಗೆಲ್ಲಿಸಿದ. ಗ್ಯಾಲರಿಯಲ್ಲಿ ಊರುಗೋಲೆತ್ತಿ ಕೂಗುತ್ತಿದ್ದ ಮಾವನ ಬಲ ಬೂಟಿನ ಅಟ್ಟೆ ಮಾತ್ರ ಹೊಸದರಂತಿತ್ತು. ಹುಟ್ಟಿದಾಗಿನಿಂದ ಆ ಕಾಲು ನೆಲಕ್ಕೆ ಊರಿದ್ದೇ ಇಲ್ಲ. ಮಾವನನ್ನು ಕೆಳಗಿಳಿಸಲು ಕುಳ್ಳ ಓಡಿಬಂದು ಕೈ ಚಾಚಿದರೆ, "ಬಿಡೋ ಕೈಯ! ಮೆಟ್ಲು ನಾನಿಳೀತೀನಿ. ನೀನು ಓಡಿ ಅಟ್ಟೆ ಸವೆಸು, ಹೊಲಿಯೋಕೆ ನಾನಿದ್ದೀನಿ!"